ಹಿರಿಯರಿಗೆ ಡೆಸ್ಕ್‌ಟಾಪ್, ವಿಂಡೋ ಹೇಳಿಕೊಡೋದು: ಯಾವುದು ಮೊದಲು, ಯಾವುದು ಆಮೇಲೆ?

ಶನಿವಾರದ ಕ್ಲಾಸು:

ಹನುಮಂತನಗರದ ನಮ್ಮ ಬಡಾವಣೆ ಸಂಘದ ಹಾಲ್‌ನಲ್ಲಿ ಹಿರಿಯರಿಗೆ ಕಂಪ್ಯೂಟರ್ ಕ್ಲಾಸ್ ಶುರುಮಾಡ್ತಿದ್ದೀವಿ. 6 ಮೆಷಿನ್, 12 ಜನ, 4 ಶನಿವಾರ, ಪ್ರತಿ ಸಲ ಒಂದೂವರೆ ಗಂಟೆ. ಎಲ್ಲದರಲ್ಲೂ ವಿಂಡೋಸ್ 11. ಮಾನಿಟರ್‌ಗಳು ಹಳೆಯವು, 1366×768. ಒಂದು ಪ್ರೊಜೆಕ್ಟರ್ ಇದೆ.

ಬರೋರೆಲ್ಲ ಮೊಬೈಲ್‌ನಲ್ಲಿ ವಾಟ್ಸಾಪ್, ಯುಪಿಐ ಸಲೀಸಾಗಿ ಬಳಸ್ತಾರೆ, ಮೌಸ್ ಮಾತ್ರ ಮುಟ್ಟಿದವರಲ್ಲ. ವರ್ಡು, ಎಕ್ಸೆಲ್ಲು ಈಗ ಬೇಡ. ಪ್ರೋಗ್ರಾಮ್ ತೆರೆಯೋದು, ವಿಂಡೋ ಸರಿಸೋದು, ಚಿಕ್ಕದು ದೊಡ್ಡದು ಮಾಡೋದು, ಮುಚ್ಚೋದು, ಇಷ್ಟು ಕೈಗೆ ಹತ್ತಿದ್ರೆ ಸಾಕು. ಯಾವ ಕ್ರಮದಲ್ಲಿ ಹೇಳಿಕೊಡೋದು? ಡಬಲ್ ಕ್ಲಿಕ್ ಬರದೇ ಒದ್ದಾಡೋರಿಗೆ ಏನು ದಾರಿ? ಮೆಷಿನ್‌ಗಳಲ್ಲಿ ಮೊದಲೇ ಏನಾದ್ರೂ ಬದಲಿಸಿಡಬೇಕಾ?

ಕೀಲಿಮಣೆ:

ಮೊಬೈಲ್ ಗೊತ್ತಿರೋದು ಅರ್ಧ ಅನುಕೂಲ, ಅರ್ಧ ತೊಡಕು. ಮೊಬೈಲ್‌ನಲ್ಲಿ ಒಂದು ಆ್ಯಪ್ ತೆರೆದರೆ ಪರದೆ ಪೂರ್ತಿ ಅದರದ್ದೇ ರಾಜ್ಯ. ಹಿಂದೆ ಇನ್ನೊಂದು ಕೂತಿದೆ ಅನ್ನೋದು ಕಣ್ಣಿಗೇ ಬೀಳಲ್ಲ. ಇಲ್ಲಿ ಹಾಗಲ್ಲ, ಮೇಜಿನ ಮೇಲೆ ಹರಡಿದ ಕಾಗದಗಳ ಹಾಗೆ ಒಂದರ ಮೇಲೊಂದು ಬಿದ್ದಿರುತ್ತೆ. ನಿಮ್ಮ 12 ಜನಕ್ಕೆ ನಿಜವಾಗಿ ಹೊಸದು ಇದೊಂದೇ. ಮೌಸ್ ಅಲ್ಲ. ಮೌಸ್ ಎರಡನೇ ವಾರಕ್ಕೆ ತಾನಾಗೇ ಪಳಗುತ್ತೆ.

ಕ್ಲಾಸಿನಲ್ಲಿ ಅತಿ ಹೆಚ್ಚು ಕೇಳಿಬರೋ ಮಾತು "ಅಯ್ಯೋ, ಹೋಯ್ತು". ಅದಕ್ಕೆ ನಾಲ್ಕು ಅರ್ಥ. ಇನ್ನೊಂದು ವಿಂಡೋ ಮೇಲೆ ಬಂದು ಮರೆಮಾಡಿರಬಹುದು. ಮಿನಿಮೈಜ್ ಆಗಿ ಕೆಳಗಿನ ಟಾಸ್ಕ್‌ಬಾರ್‌ಗೆ ಇಳಿದಿರಬಹುದು. ನಿಜವಾಗಿಯೂ ಕ್ಲೋಸ್ ಆಗಿರಬಹುದು. ಅಪರೂಪಕ್ಕೆ ಪರದೆಯ ಅಂಚಿನಾಚೆ ಸರಿದಿರಬಹುದು. ಮೊದಲ ಶನಿವಾರ ಪೂರ್ತಿ ಈ ನಾಲ್ಕನ್ನು ಬೇರೆ ಬೇರೆ ಮಾಡಿ ತೋರಿಸೋದಕ್ಕೇ ಇಡಿ. ಉಳಿದ ಪಾಠ ಅರ್ಧ ಹಗುರಾಗುತ್ತೆ.

ಗುರುತು ಟಾಸ್ಕ್‌ಬಾರ್‌ನಲ್ಲೇ ಇದೆ. ಮನೆಬಾಗಿಲಲ್ಲಿ ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆ ಅಂತ ತಾನೇ ಅರ್ಥ? ಹಾಗೇ ಐಕಾನಿನ ಕೆಳಗೆ ಪುಟ್ಟ ಗೆರೆ ಇದ್ದರೆ ಆ ಪ್ರೋಗ್ರಾಮ್ ತೆರೆದೇ ಇದೆ, ಕಾಣದಿದ್ದರೂ. ಗೆರೆ ಉದ್ದವಾಗಿ, ಬಣ್ಣದಲ್ಲಿ ಇದ್ದರೆ ಅದೇ ಈಗ ಮುಂದೆ ಇರೋದು. ಗೆರೆಯೇ ಇಲ್ಲ ಅಂದರೆ ಮುಚ್ಚಿದೆ, ಐಕಾನ್ ಬರೀ ಅಲ್ಲಿ ಪಿನ್ ಆಗಿದೆ ಅಷ್ಟೆ. "ಹೋಯ್ತು" ಅಂದವರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಚಪ್ಪಲಿ ಇದೆಯಾ ನೋಡಿ".

ಅಭ್ಯಾಸಕ್ಕೆ ನೋಟ್‌ಪ್ಯಾಡ್, ಕ್ಯಾಲ್ಕುಲೇಟರ್ ಎರಡೇ ಸಾಕು. ಬೇಗ ತೆರೆಯುತ್ತವೆ, ಇಂಟರ್ನೆಟ್ ಬೇಡ, ನೋಡೋಕೆ ಒಂದರಂತೆ ಇನ್ನೊಂದಿಲ್ಲ. ಸ್ಟಾರ್ಟ್ ಒತ್ತಿ, ಬೇರೆ ಎಲ್ಲೂ ಕ್ಲಿಕ್ ಮಾಡದೆ ಹೆಸರಿನ ಮೊದಲ ನಾಲ್ಕಕ್ಷರ ಟೈಪ್ ಮಾಡಿ ಎಂಟರ್ ಕೊಟ್ಟರೆ ತೆರೆಯುತ್ತೆ. ನೋಟ್‌ಪ್ಯಾಡ್‌ನಲ್ಲಿ ತಮ್ಮ ಹೆಸರು ಬರೆಯಲಿ. ಮೇಲೆ ಬಲಗಡೆಯ ಅಡ್ಡಗೆರೆ ಒತ್ತಿ ಇಳಿಸಲಿ. ಟಾಸ್ಕ್‌ಬಾರ್‌ನಿಂದ ವಾಪಸ್ ಕರೆದಾಗ ಹೆಸರು ಹಾಗೇ ಇರುತ್ತೆ. ಇದನ್ನು ಹತ್ತು ಸಲ ಮಾಡಿಸಿ, ಬೇಜಾರಾಗೋವರೆಗೂ ಮಾಡಿಸಿ. ಇಳಿಸಿದ್ದು ಅಳಿಯಲ್ಲ ಅನ್ನೋ ನಂಬಿಕೆ ಕೈಗೆ ಬರಬೇಕು, ತಲೆಗಲ್ಲ.

ಮೂರು ಬಟನ್‌ಗಳಲ್ಲಿ ಅಡ್ಡಗೆರೆ ಮೊದಲು, ಚೌಕ ಆಮೇಲೆ, ಎಕ್ಸ್ ಕೊನೆಗೆ. ಕಾರಣ ಇದೆ: ವಿಂಡೋ ಪೂರ್ತಿ ದೊಡ್ಡದಾಗಿದ್ದಾಗ ಮೌಸನ್ನು ಮೇಲೆ ಬಲಮೂಲೆಗೆ ತಳ್ಳಿದರೆ ಅದು ಹೋಗಿ ಕೂರೋದು ಎಕ್ಸ್ ಮೇಲೆಯೇ. ಗಾಬರಿಯಲ್ಲಿ ಒತ್ತೋದೂ ಅದನ್ನೇ. ಚೌಕದ ಬಗ್ಗೆ ಒಂದು ಮಾತು. ಒಂದೇ ಚೌಕ ಕಂಡರೆ ದೊಡ್ಡದು ಮಾಡೋದು, ಒಂದರ ಹಿಂದೊಂದು ಎರಡು ಚೌಕ ಕಂಡರೆ ಹಳೆಯ ಅಳತೆಗೆ ತರೋದು. ಪೂರ್ತಿ ದೊಡ್ಡದಾದ ವಿಂಡೋದ ಅಂಚು ಹಿಡಿದು ಎಳೆಯೋಕೆ ಆಗಲ್ಲ. "ನನ್ನದು ಎಳೆದ್ರೂ ಬರ್ತಿಲ್ಲ" ಅನ್ನೋ ದೂರಿಗೆ ಬಹುಪಾಲು ಇದೇ ಕಾರಣ.

ಸರಿಸೋಕೆ ಟೈಟಲ್ ಬಾರ್, ಅಂದರೆ ಮೇಲಿನ ಪಟ್ಟಿಯ ಖಾಲಿ ಜಾಗ. ಅಳತೆ ಬದಲಿಸೋಕೆ ಅಂಚು ಅಥವಾ ಮೂಲೆ. ಅಂಚು ಕೆಲವೇ ಪಿಕ್ಸೆಲ್ ಅಗಲ, ಅದಕ್ಕೇ ಮೊದಲು ಪಾಯಿಂಟರ್ ಎರಡು ತಲೆಯ ಬಾಣ ಆಗೋವರೆಗೆ ಕಾಯಿರಿ, ಆಮೇಲೆ ಒತ್ತಿ ಅಂತ ಹೇಳಿ. ಜನ ಒತ್ತಿಕೊಂಡೇ ಹುಡುಕ್ತಾರೆ.

ಕೊನೆಯದಾಗಿ ಒಂದು ಸೂಕ್ಷ್ಮ. ಟೈಪ್ ಮಾಡಿದ್ದು ಹೋಗೋದು ಕೊನೆಗೆ ಕ್ಲಿಕ್ ಮಾಡಿದ ವಿಂಡೋಗೆ. ಆದರೆ ಮೌಸಿನ ಚಕ್ರ ತಿರುಗಿಸಿದರೆ ಸರಿಯೋದು ಪಾಯಿಂಟರ್ ಯಾವುದರ ಮೇಲಿದೆಯೋ ಅದು, ಹಿಂದಿನ ವಿಂಡೋ ಆದರೂ ಸರಿ. ಹಾಗಾಗಿ ಕಣ್ಣೆದುರು ಪುಟ ಸರಿಯುತ್ತೆ, ಅಕ್ಷರ ಮಾತ್ರ ಬೇರೆಲ್ಲೋ ಬೀಳುತ್ತೆ. ಟೈಪ್ ಮಾಡೋ ಮುಂಚೆ ಬೇಕಾದ ವಿಂಡೋದ ಒಳಗೆ ಒಂದು ಸಲ ಕ್ಲಿಕ್ ಮಾಡೋದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಿ.

ಎಸ್.ಪಿ. ರೋಡ್ ಸ್ಕ್ರೂಡ್ರೈವರ್:

ಚಪ್ಪಲಿ ಲೆಕ್ಕ ಚೆನ್ನಾಗಿದೆ ಸರ್. ಆದ್ರೆ ನೋಟ್‌ಪ್ಯಾಡ್ ವಿಷ್ಯದಲ್ಲಿ ನನ್ನದೊಂದು ತಕರಾರು. ವಿಂಡೋಸ್ 11ರ ನೋಟ್‌ಪ್ಯಾಡ್ ಸೇವ್ ಮಾಡದೇ ಮುಚ್ಚಿದ್ರೂ ಕೇಳಲ್ಲ, ಮತ್ತೆ ತೆರೆದ್ರೆ ಬರೆದಿದ್ದೆಲ್ಲ ವಾಪಸ್ ತಂದು ಕೂರಿಸುತ್ತೆ. ಮಿನಿಮೈಜ್‌ಗೂ ಕ್ಲೋಸ್‌ಗೂ ವ್ಯತ್ಯಾಸ ತೋರಿಸೋಕೆ ಹೊರಟವರಿಗೆ ಇದೇ ಎಡವಟ್ಟು. ಎಕ್ಸ್ ಒತ್ತಿದ್ರೂ ಏನೂ ಆಗಲ್ಲ ಬಿಡಿ ಅಂತ ಕಲ್ತುಬಿಡ್ತಾರೆ. ಕ್ಲೋಸ್ ಪಾಠಕ್ಕೆ ಪೇಂಟ್ ತಗೊಳ್ಳಿ. ಒಂದು ಗೆರೆ ಎಳೆದು ಎಕ್ಸ್ ಒತ್ತಿದ್ರೆ ಸೇವ್, ಡೋಂಟ್ ಸೇವ್, ಕ್ಯಾನ್ಸಲ್ ಅಂತ ಮೂರು ಕೇಳುತ್ತೆ. ಕ್ಯಾನ್ಸಲ್ ಅಂದ್ರೆ ಬರೆದಿದ್ದು ಅಳಿಸು ಅಂತಲ್ಲ, "ಮುಚ್ಚೋದೇ ಬೇಡ, ವಾಪಸ್ ಹೋಗೋಣ" ಅಂತ. ಇದನ್ನ ಒತ್ತಿ ಒತ್ತಿ ಹೇಳಿ.

ಇನ್ನು ಮೆಷಿನ್ ರೆಡಿ ಮಾಡೋದು.

ಪ್ರೊಜೆಕ್ಟರ್ ಸಿಗಿಸಿದ ತಕ್ಷಣ ವಿಂಡೋಸ್ ಕೀ ಜೊತೆ ಪಿ ಒತ್ತಿ ಡುಪ್ಲಿಕೇಟ್ ಆರಿಸ್ಕೊಳ್ಳಿ. ಎಕ್ಸ್‌ಟೆಂಡ್‌ನಲ್ಲಿ ಬಿಟ್ರೆ ಗೋಡೆ ಮೇಲಿರೋದು ಇನ್ನೊಂದು ಖಾಲಿ ಪರದೆ, ನಿಮ್ಮ ಮೌಸ್ ಅಂಚು ದಾಟಿ ಅಲ್ಲಿಗೆ ಹೋಗಿ ಕಳೆದುಹೋಗುತ್ತೆ. ಕ್ಲಾಸ್ ಮುಗಿದ ಮೇಲೆ ಮತ್ತೆ ಅದೇ ಒತ್ತಿ ಪಿಸಿ ಸ್ಕ್ರೀನ್ ಓನ್ಲಿ.

ಅಕ್ಷರ ಚಿಕ್ಕದು ಅಂತ ಡಿಸ್‌ಪ್ಲೇ ಸ್ಕೇಲ್ 150% ಮಾಡ್ಬೇಡಿ. 1366×768 ಪರದೆಗೆ 150% ಅಂದ್ರೆ ಲೆಕ್ಕಕ್ಕೆ ಉಳಿಯೋದು ಸುಮಾರು 911×512. ಪ್ರೋಗ್ರಾಮ್ ಪ್ರಶ್ನೆ ಕೇಳೋಕೆ ತೆರೆಯೋ ಕೆಲವು ಚಿಕ್ಕ ಡಬ್ಬಿಗಳ (ಡೈಲಾಗ್ ಬಾಕ್ಸ್) ಓಕೆ ಬಟನ್ ಪರದೆಯಿಂದ ಕೆಳಗೆ ಹೋಗಿ ಕೂರುತ್ತೆ, ಆಮೇಲೆ ಯಾರಿಗೂ ಸಿಗಲ್ಲ. 125% ಸಾಕು. ಅದೂ ಸಾಲದಿದ್ರೆ ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಟೆಕ್ಸ್ಟ್ ಸೈಜ್ ಒಳಗೆ ಬರೀ ಅಕ್ಷರ ದೊಡ್ಡದು ಮಾಡಿ. ಅಲ್ಲೇ ಮೌಸ್ ಪಾಯಿಂಟರ್ ಅಂತ ಇದೆ, ಸೈಜ್ ಎರಡು ಮೂರು ಮೆಟ್ಟಲು ಏರಿಸಿ, ಬಣ್ಣ ಕಪ್ಪು ಮಾಡಿ. ಬಿಳಿ ಪುಟದ ಮೇಲೆ ಬಿಳಿ ಬಾಣ ಹುಡುಕೋದೇ ಹಿರಿಯರಿಗೆ ಅರ್ಧ ಕೆಲಸ.

ಟಾಸ್ಕ್‌ಬಾರ್ ಮೇಲೆ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಬಿಹೇವಿಯರ್ಸ್. ಅಲೈನ್‌ಮೆಂಟ್ ಲೆಫ್ಟ್ ಮಾಡಿ. ಮಧ್ಯದಲ್ಲಿದ್ರೆ ಪ್ರೋಗ್ರಾಮ್ ತೆರೆದ ಹಾಗೆಲ್ಲ ಸ್ಟಾರ್ಟ್ ಬಟನ್ ಜಾಗ ಬದಲಿಸ್ತಾ ಇರುತ್ತೆ, ಹೇಳಿಕೊಡೋರಿಗೆ ತಲೆನೋವು. ಅದೇ ಪುಟದಲ್ಲಿ ಕಂಬೈನ್ ಟಾಸ್ಕ್‌ಬಾರ್ ಬಟನ್ಸ್ ಅನ್ನೋದನ್ನ ನೆವರ್ ಮಾಡಿ. ಐಕಾನ್ ಪಕ್ಕ ಹೆಸರೂ ಬರುತ್ತೆ, ಒಂದೇ ಪ್ರೋಗ್ರಾಮಿನ ಎರಡು ವಿಂಡೋ ಇದ್ರೆ ಎರಡಾಗೇ ಕಾಣುತ್ತೆ. ವಿಂಡೋಸ್ 11 ಬಂದಾಗ ಇದನ್ನ ಕಿತ್ತುಹಾಕಿದ್ರು, 2023ರಲ್ಲಿ ವಾಪಸ್ ಕೊಟ್ರು. ಕಾಣದಿದ್ರೆ ಅಪ್‌ಡೇಟ್ ಬಾಕಿ ಇದೆ ಅಂತ.

ಡಬಲ್ ಕ್ಲಿಕ್‌ಗೆ: ಎರಡು ಕ್ಲಿಕ್ಕಿನ ನಡುವೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಆದ್ರೆ ಅದನ್ನ ಎರಡು ಬಿಡಿ ಕ್ಲಿಕ್ ಅಂತ ತಗೊಳ್ಳುತ್ತೆ. ಹೆಸರಿನ ಮೇಲೆ ಹಾಗೆ ನಿಧಾನ ಎರಡು ಸಲ ಒತ್ತಿದ್ರೆ ಹೆಸರು ಬದಲಿಸೋ ಡಬ್ಬಿ ತೆರೆಯುತ್ತೆ, ಆಗ ಎಸ್ಕೇಪ್ ಒತ್ತಿ. ಇನ್ನೊಂದು ಕಾರಣ ಯಾರೂ ನೋಡಲ್ಲ: ಒತ್ತುವಾಗ ಕೈ ಅಲುಗಿ ಮೌಸ್ ಸರಿಯೋದು. ನಾಲ್ಕು ಪಿಕ್ಸೆಲ್ ದಾಟಿದ್ರೆ ಸಾಕು, ಅದು ಕ್ಲಿಕ್ ಅಲ್ಲ, ಎಳೆಯೋದು ಅಂತ ಲೆಕ್ಕ. ಪಕ್ಕದಲ್ಲಿ ಫೋಲ್ಡರ್ ಇದ್ರೆ ಫೈಲ್ ಅದರೊಳಗೆ ಬಿದ್ದುಹೋಗುತ್ತೆ. ಹಾಗೆ ಬಿದ್ದಿದ್ದಕ್ಕೆ ಕಂಟ್ರೋಲ್ ಝಡ್ ಒತ್ತಿದ್ರೆ ವಾಪಸ್ ಬರುತ್ತೆ. ವೇಗ ಇಳಿಸೋಕೆ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಮೌಸ್, ಅಡಿಷನಲ್ ಮೌಸ್ ಸೆಟ್ಟಿಂಗ್ಸ್. ಡಬಲ್ ಕ್ಲಿಕ್ ಸ್ಪೀಡ್ ಗುಂಡಿಯನ್ನ ಸ್ಲೋ ಕಡೆ ಎಳೀರಿ. ಇಷ್ಟೆಲ್ಲ ಆದ್ಮೇಲೂ ಬರಲ್ಲ ಅನ್ನೋರಿಗೆ ಒಂದು ಕ್ಲಿಕ್, ಆಮೇಲೆ ಎಂಟರ್. ಅಷ್ಟೇ ಕೆಲಸ, ಬಿಟ್ಟಾಕಿ.

ಮೌಸ್ ಅಡಿಗೆ ದಪ್ಪ ಪ್ಯಾಡ್ ಇಡಿ. ಹಾಲ್‌ನಲ್ಲಿ ಗಾಜಿನ ಅಥವಾ ಹೊಳೆಯೋ ಸನ್‌ಮೈಕಾ ಮೇಜು ಇದ್ರೆ ಆಪ್ಟಿಕಲ್ ಮೌಸ್ ಕುಣಿಯುತ್ತೆ, ತಪ್ಪು ಕಲಿಯೋರದ್ದು ಅಂದ್ಕೊಳ್ತೀವಿ.

ಶನಿವಾರದ ಕ್ಲಾಸು:

ಇಬ್ಬರಿಗೂ ಧನ್ಯವಾದ. ಇನ್ನು ಮೂರು ಅನುಮಾನ. ಒಂದು, ಅಂಚಿನಾಚೆ ಸರಿದ ವಿಂಡೋ, ಟೈಟಲ್ ಬಾರೇ ಕಾಣದಿದ್ದಾಗ ವಾಪಸ್ ತರೋದು ಹೇಗೆ? ಎರಡು, ಕೆಲವೊಮ್ಮೆ ಎಲ್ಲಿ ಕ್ಲಿಕ್ ಮಾಡಿದ್ರೂ ಟಣ್ ಅಂತ ಶಬ್ದ ಬರುತ್ತೆ, ಏನೂ ಆಗಲ್ಲ. ಮೂರು, ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನು ಶುರುವಿನಲ್ಲೇ ಹೇಳಬೇಕಾ?

ನಾಲ್ಕನೇ ಬ್ಲಾಕ್:

ಟಣ್ ಅನ್ನೋದಕ್ಕೆ ಮೊದಲು. ಪ್ರೋಗ್ರಾಮ್ ಒಂದು ಚಿಕ್ಕ ಡಬ್ಬಿ ತೆರೆದು ಪ್ರಶ್ನೆ ಕೇಳಿದೆ, ಉತ್ತರ ಕೊಡೋವರೆಗೆ ಹಿಂದಿನ ವಿಂಡೋ ಬೀಗ ಹಾಕಿಕೊಂಡಿರುತ್ತೆ. ಸೇವ್ ಆ್ಯಸ್, ಪ್ರಿಂಟ್ ಇವೆಲ್ಲ ಆ ಜಾತಿ. ಕ್ಲಿಕ್ ಮಾಡಿದಾಗ ಆ ಡಬ್ಬಿಯ ಅಂಚು ಮಿನುಗುತ್ತೆ, ಅದನ್ನು ನೋಡೋಕೆ ಹೇಳಿ. ಬೇಡದಿದ್ದರೆ ಎಸ್ಕೇಪ್. ಕೌಂಟರಿನಲ್ಲಿ ಚಿಲ್ಲರೆ ಕೊಡೋವರೆಗೆ ಟೋಕನ್ ಕೊಡಲ್ಲ ಅಂದ ಹಾಗೆ.

ಅಂಚಿನಾಚೆ ಹೋದದ್ದಕ್ಕೆ ಸುಲಭದ್ದು: ಟಾಸ್ಕ್‌ಬಾರ್‌ನಲ್ಲಿ ಅದನ್ನು ಕ್ಲಿಕ್ ಮಾಡಿ ಮುಂದೆ ತಂದು, ವಿಂಡೋಸ್ ಕೀ ಹಿಡಿದು ಎಡ ಬಾಣ. ಪರದೆಯ ಎಡ ಅರ್ಧಕ್ಕೆ ಬಂದು ಅಂಟಿಕೊಳ್ಳುತ್ತೆ. ಅದಕ್ಕೂ ಜಗ್ಗದಿದ್ದರೆ ಆಲ್ಟ್ ಜೊತೆ ಸ್ಪೇಸ್ ಬಾರ್, ಆಮೇಲೆ ಎಂ ಅಕ್ಷರ, ಯಾವುದಾದರೂ ಒಂದು ಬಾಣ ಒಮ್ಮೆ ಒತ್ತಿ ಮೌಸ್ ಸರಿಸಿದರೆ ವಿಂಡೋ ಪಾಯಿಂಟರಿಗೆ ಅಂಟಿಕೊಂಡೇ ಬರುತ್ತೆ. ಬೇಕಾದ ಕಡೆ ಕ್ಲಿಕ್ ಮಾಡಿದರೆ ನಿಲ್ಲುತ್ತೆ. ಇದು ಕಲಿಯೋರಿಗಲ್ಲ, ಕಲಿಸೋರಿಗೆ.

ಶಾರ್ಟ್‌ಕಟ್: ಪಟ್ಟಿ ಕೊಡಬೇಡಿ. ಆದರೆ ವಿಂಡೋಸ್ ಕೀ ಜೊತೆ ಡಿ ಮಾತ್ರ ಮೊದಲ ದಿನವೇ ಕೊಡಿ. ಎಲ್ಲ ಇಳಿದು ಡೆಸ್ಕ್‌ಟಾಪ್ ಕಾಣುತ್ತೆ, ಅದನ್ನೇ ಇನ್ನೊಮ್ಮೆ ಒತ್ತಿದರೆ ಎಲ್ಲ ವಾಪಸ್ ಏರುತ್ತೆ. ಮನೆಗೆ ಬಂದ ಹಾಗೆ. ಮೂರನೇ ವಾರ ಆಲ್ಟ್ ಟ್ಯಾಬ್. ಆಲ್ಟ್ ಹಿಡಿದೇ ಇರಬೇಕು, ಟ್ಯಾಬ್ ಮಾತ್ರ ತಟ್ಟಬೇಕು. ಎರಡನ್ನೂ ಒಟ್ಟಿಗೆ ಬಿಟ್ಟರೆ ಹಿಂದಿನದಕ್ಕೇ ಹೋಗಿ ಬರುತ್ತಾ ಇರ್ತಾರೆ. ಎಫ್11 ಹೇಳಿಕೊಡೋದು ಬೇಡ, ಆದರೆ ನಿಮಗೆ ಗೊತ್ತಿರಲಿ. ಬ್ರೌಸರ್‌ನಲ್ಲಿ ತಪ್ಪಿ ಅದು ಒತ್ತಿಹೋದರೆ ಟಾಸ್ಕ್‌ಬಾರು, ಎಕ್ಸು ಎರಡೂ ಮಾಯ. ಮತ್ತೆ ಎಫ್11 ಒತ್ತಿದರೆ ಸರಿ.

ಇದೇ ಜಾಗದಲ್ಲಿ ಒಂದು ಪಾಠ ಸೇರಿಸಿ, ನನ್ನ ಪ್ರಕಾರ ನಾಲ್ಕು ವಾರದಲ್ಲಿ ಅತಿ ಮುಖ್ಯವಾದದ್ದು. ವಿಂಡೋದ ಚೌಕಟ್ಟು ಬೇರೆ, ಒಳಗಿನ ಚಿತ್ರ ಬೇರೆ. ಬ್ರೌಸರ್‌ನಲ್ಲಿ ಟೈಟಲ್ ಬಾರ್, ವಿಳಾಸದ ಪಟ್ಟಿ, ಮೂರು ಬಟನ್ ಇವು ಚೌಕಟ್ಟು. ಅದರ ಒಳಗೆ ಕಾಣೋದೆಲ್ಲ ವೆಬ್‌ಪುಟದವರು ಬರೆದ ಚಿತ್ರ. "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಅರಚೋ ಪುಟದಲ್ಲಿ ಒಂದು ಎಕ್ಸ್ ಕೂಡ ಬರೆದಿರ್ತಾರೆ. ಅದು ಬಟನ್ ಅಲ್ಲ, ಬಲೆ. ಪುಟ ಪರದೆ ಪೂರ್ತಿ ಆವರಿಸಿದ್ದರೆ ಎಸ್ಕೇಪ್ ಒಂದೆರಡು ಸೆಕೆಂಡ್ ಒತ್ತಿ ಹಿಡಿಯಬೇಕು, ಆಗ ನಿಜವಾದ ಚೌಕಟ್ಟು ಕಾಣುತ್ತೆ. ಆಗದಿದ್ದರೆ ಕಂಟ್ರೋಲ್ ಆಲ್ಟ್ ಡಿಲೀಟ್. ಈ ಮೂರು ಕೀ ಒಟ್ಟಿಗೆ ಒತ್ತಿದ್ದನ್ನು ಯಾವ ವೆಬ್‌ಪುಟವೂ ತಡೆಯೋಕೆ ಆಗಲ್ಲ, ನೇರ ವಿಂಡೋಸ್‌ಗೇ ಹೋಗುತ್ತೆ. ಅಲ್ಲಿಂದ ಟಾಸ್ಕ್ ಮ್ಯಾನೇಜರ್, ಬ್ರೌಸರ್ ಆರಿಸಿ ಎಂಡ್ ಟಾಸ್ಕ್. ಮತ್ತೆ ಬ್ರೌಸರ್ ತೆರೆದಾಗ ಹಳೆಯ ಪುಟಗಳನ್ನು ರಿಸ್ಟೋರ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ. ದುಡ್ಡು ಹೋಗಿಬಿಟ್ಟಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು ಅನ್ನೋದನ್ನೂ ಬೋರ್ಡ್ ಮೇಲೆ ಬರೆದಿಡಿ.

ಸ್ಕ್ರೂಡ್ರೈವರ್ ಸರ್ ಹೇಳಿದ ಸೆಟ್ಟಿಂಗ್‌ಗಳ ಜೊತೆ ಇನ್ನೊಂದು: ಮೊದಲೆರಡು ವಾರ ಸ್ನ್ಯಾಪ್ ವಿಂಡೋಸ್, ಅಂದರೆ ವಿಂಡೋ ಪರದೆಯ ಅಂಚಿಗೆ ತಾನಾಗೇ ಅಂಟಿಕೊಳ್ಳೋ ಸೌಲಭ್ಯ, ಆಫ್ ಮಾಡಿ. ಸೆಟ್ಟಿಂಗ್ಸ್, ಸಿಸ್ಟಮ್, ಮಲ್ಟಿಟಾಸ್ಕಿಂಗ್. ಹೊಸಬರು ವಿಂಡೋ ಎಳೆಯುವಾಗ ಜಾಸ್ತಿ ಎಳೀತಾರೆ, ಮೇಲಂಚಿಗೆ ಮುಟ್ಟಿದ ಕೂಡಲೇ ಅದು ಇಡೀ ಪರದೆ ತುಂಬಿಕೊಳ್ಳುತ್ತೆ.

ಎಸ್.ಪಿ. ರೋಡ್ ಸ್ಕ್ರೂಡ್ರೈವರ್:

ಸ್ನ್ಯಾಪ್ ಆಫ್ ಮಾಡೋದು ನಂಗೆ ಸರಿಬರಲ್ಲ. ಮನೆಗೆ ಹೋದ್ರೆ ಆನ್ ಆಗೇ ಇರುತ್ತಲ್ಲ? ಹಂಗೆ ದೊಡ್ಡದಾದ್ರೆ ಟೈಟಲ್ ಬಾರ್ ಹಿಡಿದು ಕೆಳಗೆ ಎಳೀರಿ, ಹಳೇ ಅಳತೆಗೆ ಬರುತ್ತೆ ಅಂತ ಹೇಳಿಕೊಟ್ರೆ ಆಯ್ತು. ಅಲ್ಲದೆ ಅದನ್ನ ಆಫ್ ಮಾಡಿದ್ರೆ ನೀವೇ ಹೇಳಿದ ಎಡ ಬಾಣವೂ ಕೆಲಸ ಮಾಡಲ್ಲ.

ನಾಲ್ಕನೇ ಬ್ಲಾಕ್:

ಬಾಣದ ಮಾತು ನಿಜ, ಅದು ಹೊಳೆಯಲಿಲ್ಲ. ಹಾಗಾದರೆ ಆನ್ ಇರಲಿ, ವಿಂಡೋವನ್ನು ಮೇಲಕ್ಕೆ ಎಳೆದಾಗ ಇಳಿದುಬರೋ ಲೇಔಟ್ ಪಟ್ಟಿಯನ್ನು ಮಾತ್ರ ಅದೇ ಪುಟದಲ್ಲಿ ಟಿಕ್ ತೆಗೆದು ನಿಲ್ಲಿಸಿ.

ಕೀಲಿಮಣೆ:

ನೋಟ್‌ಪ್ಯಾಡ್ ತಕರಾರು ಒಪ್ಪಿದೆ. ಇಳಿಸೋದಕ್ಕೆ ನೋಟ್‌ಪ್ಯಾಡ್, ಮುಚ್ಚೋದಕ್ಕೆ ಪೇಂಟ್.

ಮೂರನೇ ಶನಿವಾರ ಡೆಸ್ಕ್‌ಟಾಪಿಗೇ ಇಡಿ. ಅದು ಬರೀ ಚಿತ್ರ ಅಂಟಿಸಿದ ಗೋಡೆ ಅಲ್ಲ, ಅದೂ ಒಂದು ಫೋಲ್ಡರ್. ಫೈಲ್ ಎಕ್ಸ್‌ಪ್ಲೋರರ್ ತೆರೆದು ಎಡಗಡೆ ಡೆಸ್ಕ್‌ಟಾಪ್ ಕ್ಲಿಕ್ ಮಾಡಿಸಿ, ಅದೇ ಫೈಲ್‌ಗಳು ಅಲ್ಲೂ ಕಾಣುತ್ತವೆ. ಐಕಾನ್‌ಗಳಲ್ಲಿ ಎರಡು ಬಗೆ. ಎಡ ಕೆಳಮೂಲೆಯಲ್ಲಿ ಪುಟ್ಟ ಬಾಣ ಇದ್ದರೆ ಅದು ಶಾರ್ಟ್‌ಕಟ್, ದಾರಿ ತೋರಿಸೋ ಬೋರ್ಡು ಮಾತ್ರ. ಮೆಜೆಸ್ಟಿಕ್ ಅಂತ ಬರೆದ ಬೋರ್ಡ್ ಕಿತ್ತರೆ ಮೆಜೆಸ್ಟಿಕ್ ಎಲ್ಲೂ ಹೋಗಲ್ಲ. ಬಾಣ ಇಲ್ಲದ ಫೈಲ್, ಫೋಲ್ಡರ್ ಅಳಿಸಿದರೆ ಮಾತ್ರ ಅಳಿಯೋದು ವಸ್ತುವೇ. ಅದೂ ರಿಸೈಕಲ್ ಬಿನ್‌ಗೆ ಹೋಗುತ್ತೆ, ರೈಟ್ ಕ್ಲಿಕ್ ಮಾಡಿ ರಿಸ್ಟೋರ್ ಅಂದರೆ ವಾಪಸ್. ಪೆನ್‌ಡ್ರೈವ್‌ನಲ್ಲಿ ಅಳಿಸಿದ್ದಕ್ಕೆ ಈ ಭಾಗ್ಯ ಸಾಮಾನ್ಯವಾಗಿ ಇಲ್ಲ, ನೇರ ಹೋಗುತ್ತೆ. ಮೊಮ್ಮಕ್ಕಳ ಫೋಟೋ ಪೆನ್‌ಡ್ರೈವ್‌ನಲ್ಲಿ ತರೋರು ಇದ್ದೇ ಇರ್ತಾರೆ, ಮೊದಲೇ ಎಚ್ಚರಿಸಿ.

ಐಕಾನ್‌ಗಳೆಲ್ಲ ಒಮ್ಮೆಲೇ ಮಾಯವಾದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ವ್ಯೂ, ಶೋ ಡೆಸ್ಕ್‌ಟಾಪ್ ಐಕಾನ್ಸ್ ಟಿಕ್ ಇದೆಯಾ ನೋಡಿ. ಐಕಾನ್ ಇದ್ದಕ್ಕಿದ್ದಂತೆ ಆನೆ ಗಾತ್ರ ಆದರೆ ಯಾರೋ ಕಂಟ್ರೋಲ್ ಒತ್ತಿಕೊಂಡು ಚಕ್ರ ತಿರುಗಿಸಿದ್ದಾರೆ. ಅದನ್ನೇ ಉಲ್ಟಾ ತಿರುಗಿಸಿ.

ನಾಲ್ಕನೇ ವಾರಕ್ಕೆ ಒಂದು ಅಭ್ಯಾಸ. ಪ್ರತಿ ಮೆಷಿನ್‌ನ ಡೆಸ್ಕ್‌ಟಾಪಿನಲ್ಲಿ ಹಳೆಯ ಬೆಸ್ಕಾಂ ಬಿಲ್ಲಿನ ಒಂದು ಪಿಡಿಎಫ್ ಹಾಕಿಡಿ, ಹೆಸರು, ಅಕೌಂಟ್ ನಂಬರ್ ಅಳಿಸಿ. ಬಿಲ್ ತೆರೆದು ವಿಂಡೋಸ್ ಕೀ ಜೊತೆ ಎಡ ಬಾಣ, ಉಳಿದ ಅರ್ಧದಲ್ಲಿ ತೆರೆದಿರೋ ಬೇರೆ ವಿಂಡೋಗಳು ಚಿಕ್ಕದಾಗಿ ಕಾಣುತ್ತವೆ, ಅದರಲ್ಲಿ ಕ್ಯಾಲ್ಕುಲೇಟರ್ ಆರಿಸಲಿ. ಈಗಿನ ರೀಡಿಂಗಿನಿಂದ ಹಿಂದಿನ ರೀಡಿಂಗ್ ಕಳೆದು ಯೂನಿಟ್ ತಾಳೆ ನೋಡಲಿ. ತೆರೆಯೋದು, ಪಕ್ಕಪಕ್ಕ ಇಡೋದು, ಯಾವ ವಿಂಡೋಗೆ ಕ್ಲಿಕ್ ಮಾಡಿ ಟೈಪ್ ಮಾಡಬೇಕು ಅನ್ನೋದು ಎಲ್ಲ ಅದರಲ್ಲೇ ಬಂತು. ಎಳೆಯೋದು ಇನ್ನೂ ಒಗ್ಗದವರಿಗೆ ಸಾಲಿಟೇರ್ ಹಾಕಿಕೊಡಿ. 1990ರ ವಿಂಡೋಸ್ 3.0 ಜೊತೆ ಅದು ಬಂದಾಗ ಎಷ್ಟೋ ಜನಕ್ಕೆ ಎಳೆದು ಬಿಡೋದು ಅಭ್ಯಾಸ ಆದದ್ದು ಅದರಿಂದಲೇ.

ಶನಿವಾರದ ಕ್ಲಾಸು:

ಬಿಲ್ಲಿನ ಐಡಿಯಾ ಭಲೇ ಇದೆ, ಲೆಕ್ಕ ತಾಳೆ ನೋಡೋ ಉತ್ಸಾಹ ನಮ್ಮವರಿಗೆ ಜಾಸ್ತಿ. ಕೊನೆಯದೊಂದು: ಆಫ್ ಮಾಡೋದನ್ನು ಯಾವಾಗ ಹೇಳಲಿ? ಹಾಲ್‌ನಲ್ಲಿ ಯುಪಿಎಸ್ ಎರಡು ಮೆಷಿನ್‌ಗೆ ಮಾತ್ರ ಇದೆ.

ಎಸ್.ಪಿ. ರೋಡ್ ಸ್ಕ್ರೂಡ್ರೈವರ್:

ಮೊದಲ ದಿನವೇ, ಕೊನೆಯ ಹತ್ತು ನಿಮಿಷ. ಮಾನಿಟರ್ ಬಟನ್ ಒತ್ತಿ ಆಫ್ ಆಯ್ತು ಅಂದ್ಕೊಂಡು ಎದ್ದುಹೋಗ್ತಾರೆ, ಅದು ಬರೀ ಟಿವಿ ಆಫ್ ಮಾಡಿದ ಹಾಗೆ, ಒಳಗೆ ಮೆಷಿನ್ ಓಡ್ತಾನೇ ಇರುತ್ತೆ. ಕ್ರಮ ಇದು: ತೆರೆದ ವಿಂಡೋಗಳನ್ನ ಒಂದೊಂದಾಗಿ ಎಕ್ಸ್, ಸೇವ್ ಕೇಳಿದ್ರೆ ಉತ್ತರ, ಆಮೇಲೆ ಸ್ಟಾರ್ಟ್, ಪವರ್ ಗುರುತು, ಶಟ್‌ಡೌನ್. ಸಿಪಿಯು ಫ್ಯಾನ್ ನಿಂತ ಮೇಲೆ ಗೋಡೆ ಸ್ವಿಚ್. "ಈ ಆ್ಯಪ್ ತಡೀತಿದೆ" ಅಂತ ಪರದೆ ಬಂದ್ರೆ ಯಾವುದೋ ವಿಂಡೋ ಸೇವ್ ಪ್ರಶ್ನೆ ಕೇಳ್ತಾ ಹಿಂದೆ ಕೂತಿದೆ ಅಂತ. ಕ್ಯಾನ್ಸಲ್ ಒತ್ತಿ ಹೋಗಿ ಉತ್ತರ ಕೊಡಿ.

ಯುಪಿಎಸ್ ಇಲ್ಲದ ನಾಲ್ಕು ಮೆಷಿನ್‌ನಲ್ಲಿ ಐದೈದು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್ ಅಂತ ನೀವೇ ಕೂಗಿ. ಕರೆಂಟು ಹೇಳಿ ಹೋಗಲ್ಲ. ಮತ್ತೆ ಪ್ರೊಜೆಕ್ಟರನ್ನ ಆ ಯುಪಿಎಸ್‌ಗೆ ಸಿಗಿಸ್ಬೇಡಿ, ಚಿಕ್ಕ ಯುಪಿಎಸ್ ಆದ್ರೆ ಓವರ್‌ಲೋಡ್ ಆಗಿ ಮೂರೂ ಒಟ್ಟಿಗೆ ಮಲಗುತ್ತವೆ.